ಮರುಭೂಮಿಗೆ ಬೆನ್ನು ಹಾಕಿದ ಊರು

ದುಬೈಗೆ ಮೊದಲ ಸಲ ಹೊರಟವರ ಕೈಗೆ ಟ್ರಾವೆಲ್ ಏಜೆಂಟರು ಕೊಡುವ 'ನಾಲ್ಕು ರಾತ್ರಿ, ಐದು ಹಗಲು' ಎಂಬ ಒಂದು ಪುಟದ ಹಾಳೆಯನ್ನು ಜನ ನಂಬಿದಷ್ಟು ಈಚೆಗೆ ಯಾವ ಪ್ರವಾಸ ಕಥನವನ್ನೂ ನಂಬಿಲ್ಲ. ಬೆಂಗಳೂರಿನವರು ಕಳಿಸಲಿ, ಹುಬ್ಬಳ್ಳಿಯವರು ಕಳಿಸಲಿ, ಒಕ್ಕಣೆ ಹೆಚ್ಚುಕಡಿಮೆ ಒಂದೇ. ಬಂದಿಳಿದ ಸಂಜೆ ಮರೀನಾದಲ್ಲಿ ಊಟ ಸಮೇತ ಧೋ ದೋಣಿಯ ಕ್ರೂಸ್. ಮರುದಿನ ಅರ್ಧ ದಿನದ ಸಿಟಿ ಟೂರು, ಸಂಜೆ ಬುರ್ಜ್ ಖಲೀಫಾ ಮತ್ತು ಕಾರಂಜಿ. ಮೂರನೆಯ ದಿನ ಡೆಸರ್ಟ್ ಸಫಾರಿ. ನಾಲ್ಕನೆಯ ದಿನ ಅಬುಧಾಬಿ. ಕೊನೆಗೆ ಶಾಪಿಂಗ್, ಏರ್‌ಪೋರ್ಟ್ ಡ್ರಾಪ್. ಹೋಗಿಬಂದವರು ಹೊಗಳುತ್ತಾರೆ, ಹೋಗಬೇಕೆಂದಿರುವವರು ಇಎಂಐ ಲೆಕ್ಕ ಹಾಕುತ್ತಾರೆ, ಹೋಗಲೊಲ್ಲದ ಬುದ್ಧಿಜೀವಿಗಳು ಮೂಗು ಮುರಿಯುತ್ತಾರೆ. ಹಾಳೆಯನ್ನು ಹಾಳೆಯಾಗಿ ಓದಿದವರು ಮಾತ್ರ ಕಡಿಮೆ. ನನ್ನ ತಕರಾರು ಇಷ್ಟೇ: ಒಂದು ಬಂದರನ್ನು ಈ ಹಾಳೆ ಮರುಭೂಮಿಯೆಂದು ಓದಿದೆ, ಅಲ್ಲಿಂದ ಮುಂದೆ ಪ್ರತಿ ಸಾಲೂ ತಪ್ಪಿದೆ.

ಬುರ್ಜ್ ಖಲೀಫಾದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 828 ಮೀಟರ್ ಎತ್ತರ, 2010ರ ಜನವರಿ 4ರ ಉದ್ಘಾಟನೆ, ಸಾಲದ ಬಿಕ್ಕಟ್ಟಿನಲ್ಲಿ ಅಬುಧಾಬಿ ಕೈ ಹಿಡಿದ ಮೇಲೆ ಉದ್ಘಾಟನೆಯ ದಿನವೇ ಹೆಸರು ಬದಲಾದದ್ದು, ಎಲ್ಲ ಗೊತ್ತಿರುವ ಕತೆ. ಕಟ್ಟಡ ಒಳ್ಳೆಯದೇ. ಏರುತ್ತ ಏರುತ್ತ ಮೆಟ್ಟಿಲಿನಂತೆ ಒಳಸರಿಯುವ ಅದರ ಮೈಕಟ್ಟು ನೆಲದ ಮೇಲೆ ನಿಂತು ನೋಡುವವನಿಗಾಗಿ ಮಾಡಿದ್ದು, ಅದಕ್ಕೆ ಟಿಕೆಟ್ಟಿಲ್ಲ. 124ನೇ ಮಹಡಿಗೆ ಸೂರ್ಯಾಸ್ತದ ಸ್ಲಾಟ್ ಎಂದು ಹೆಚ್ಚು ದುಡ್ಡು ಕೊಟ್ಟು ಹತ್ತಿದವರಿಗೆ ಎಷ್ಟೋ ಸಂಜೆ ಸಿಗುವುದು ಧೂಳು ಮುಸುಕಿದ ದಿಗಂತ.

ಮೂರನೆಯ ದಿನವನ್ನು ಮಾತ್ರ ನಿಧಾನವಾಗಿ ಓದಬೇಕು. ಮಧ್ಯಾಹ್ನ ಮೂರರ ಸುಮಾರಿಗೆ ಹೋಟೆಲ್ ಮುಂದೆ ಲ್ಯಾಂಡ್ ಕ್ರೂಸರ್ ಬಂದು ನಿಲ್ಲುತ್ತದೆ. ಲಹಬಾಬ್ ಕಡೆಯ ಕೆಂಪು ಮರಳಿನ ಅಂಚು ಮುಟ್ಟಿದೊಡನೆ ಚಾಲಕ ಇಳಿದು ನಾಲ್ಕೂ ಟೈರುಗಳ ಗಾಳಿ ಬಿಡುತ್ತಾನೆ. ವಾಲ್ವಿನ ಮೂತಿ ಒತ್ತಿ ಹಿಡಿದು, ಬುಸ್ಸೆನ್ನುವ ಸದ್ದಿಗೆ ಕಿವಿಗೊಟ್ಟು, ಇಷ್ಟು ಸಾಕು ಎನಿಸಿದಾಗ ಎದ್ದು ಮುಂದಿನ ಚಕ್ರಕ್ಕೆ ಹೋಗುತ್ತಾನೆ. ಗಾಳಿ ಇಳಿದ ಟೈರು ಮರಳಿನ ಮೇಲೆ ಅಗಲವಾಗಿ ಕೂರುತ್ತದೆ, ಭಾರ ಹರಡುತ್ತದೆ, ಗಾಡಿ ಹೂತುಕೊಳ್ಳುವುದಿಲ್ಲ. ಆಮೇಲೆ ದಿಬ್ಬದ ನೆತ್ತಿಗೆ ಒಂದೇ ಉಸಿರಿಗೆ ಏರಿಸಿ, ಆಚೆ ಬದಿ ಏನಿದೆಯೆಂದು ಕಾಣದ ಆ ಒಂದು ಗಳಿಗೆಯಲ್ಲಿ ಕಾಲು ಸಡಿಲಿಸಿ, ಗಾಡಿಯನ್ನು ಇಳಿಜಾರಿನಲ್ಲಿ ಜಾರಲು ಬಿಡುವುದು ವರ್ಷಗಟ್ಟಲೆ ಮರಳಿನಲ್ಲಿ ಓಡಿಸಿ ಕಲಿತ ಕೈ. ಹಿಂದಿನ ಸೀಟಿನವರು ಕಿರುಚುತ್ತಿರುತ್ತಾರೆ, ಇಲ್ಲವೇ ವಾಂತಿಯ ಚೀಲ ಹುಡುಕುತ್ತಿರುತ್ತಾರೆ. ಇಡೀ ಸಂಜೆಯಲ್ಲಿ ಕಲೆ ಎನ್ನಬಹುದಾದದ್ದು ಇದೊಂದೇ. ಅದನ್ನು ಬಲ್ಲವನು ಸಾಮಾನ್ಯವಾಗಿ ಪಾಕಿಸ್ತಾನದಿಂದಲೋ ನಮ್ಮ ದೇಶದಿಂದಲೋ ದುಡಿಯಲು ಬಂದವನು. ಹಾಳೆಯಲ್ಲಿ ಅವನ ಪ್ರಸ್ತಾಪವಿಲ್ಲ, 'ಪಿಕಪ್ ಅಂಡ್ ಡ್ರಾಪ್' ಎಂಬಲ್ಲಿ ಅವನನ್ನು ಊಹಿಸಿಕೊಳ್ಳಬೇಕು.

ದಿಬ್ಬದ ಮೇಲೆ ಹತ್ತಾರು ಗಾಡಿಗಳು ಸಾಲಾಗಿ ನಿಂತು ಫೋಟೊ ಮುಗಿದ ಮೇಲೆ ಕ್ಯಾಂಪ್. ನಾಲ್ಕು ಕಡೆ ಬೇಲಿ, ನಡುವೆ ವೇದಿಕೆ, ಸುತ್ತ ದಿಂಬು, ಜಮಖಾನ, ಕುಳ್ಳ ಮೇಜುಗಳು. ಬಾಗಿಲಲ್ಲಿ ಒಂಟೆ ಒಂದು ಸುತ್ತು ಹಾಕಿಸುತ್ತದೆ. ಡೇಗೆಯನ್ನು ಕೈಮೇಲೆ ಕೂರಿಸಿಕೊಂಡು ಪಟ ತೆಗೆಸಿಕೊಳ್ಳಬಹುದು, ಅದಕ್ಕೆ ಬೇರೆ ದುಡ್ಡು. ಬುಫೆಗೆ ವೆಜ್ ಸಾಲು ಬೇರೆ, ನಾನ್‌ವೆಜ್ ಸಾಲು ಬೇರೆ. ದಾಲ್ ಇರುತ್ತದೆ, ನಮ್ಮವರಿಗೆ ಸಮಾಧಾನ. ಆಮೇಲೆ ಬೆಲ್ಲಿ ಡ್ಯಾನ್ಸ್, ಬಣ್ಣದ ದೀಪ ಹೊಲಿದ ಲಂಗ ತೊಟ್ಟು ಗಿರಗಿರನೆ ತಿರುಗುವ ತನೂರಾ, ಬೆಂಕಿಯಾಟ. ಮೊದಲೆರಡೂ ಈಜಿಪ್ಟ್ ಕಡೆಯವು. ರಂಜಾನ್ ತಿಂಗಳಲ್ಲಿ ಕುಣಿತ ನಿಲ್ಲುತ್ತದೆ, ಆಗ ಜನ ಏನು ನೋಡಬೇಕೆಂದು ತೋಚದೆ ಬೇಗ ಊಟ ಮುಗಿಸಿ ಎದ್ದುಬಿಡುತ್ತಾರೆ. ಎಮಿರೇಟಿಗಳ ಅಯ್ಯಾಲ, ಎದುರುಬದುರು ಸಾಲು ನಿಂತು ಕೋಲು ತೂಗುತ್ತ ಹಾಡುವ ಕುಣಿತ, 2014ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ್ದು, ಈ ವೇದಿಕೆ ಹತ್ತುವುದು ಅಪರೂಪ.

ಕುಣಿಯುವವರು ಹೊರಗಿನವರು ಎಂಬುದು ನನ್ನ ಆಕ್ಷೇಪವಲ್ಲ. ದುಬೈ ಎಂದೂ ಹೊರಗಿನವರಿಂದಲೇ ನಡೆದ ಊರು. ಸಂಜೆ ಸುಳ್ಳಾಗುವುದು ಬೇರೆ ಕಾರಣಕ್ಕೆ. ಈ ಊರು ತನ್ನ ಅನ್ನವನ್ನು ಮುಖ್ಯವಾಗಿ ದುಡಿದದ್ದು ನೀರಿನಲ್ಲಿ. 1833ರಲ್ಲಿ ಅಲ್ ಮಕ್ತೂಮರ ಪಂಗಡ ಬಂದು ನೆಲೆಸಿದ್ದು ಊರೊಳಗೆ ಚಾಚಿದ ಕಡಲಿನ ಕವಲಾದ ಕ್ರೀಕಿನ ಬಾಯಲ್ಲಿ. ಮುತ್ತಿಗಾಗಿ ಮುಳುಗುವುದು, ಮೀನು, ವ್ಯಾಪಾರ, ಇದೇ ಬದುಕು. 20ನೇ ಶತಮಾನದ ಆರಂಭದಲ್ಲಿ ಸುಂಕ ತೆಗೆದುಹಾಕಿದ್ದರಿಂದ ಇರಾನ್ ದಂಡೆಯ ವರ್ತಕರು ಇತ್ತ ಬಂದರು. ಜಪಾನಿನ ಸಾಕಿದ ಮುತ್ತು, ಜೊತೆಗೆ 1930ರ ದಶಕದ ಆರ್ಥಿಕ ಕುಸಿತ ಮುತ್ತಿನ ಕಸುಬನ್ನು ಮುಗಿಸಿದವು. ದೊರೆ ಶೇಖ್ ರಾಶಿದ್ ಕುವೈತಿನಿಂದ ಸಾಲ ತಂದು ಹೂಳು ತುಂಬಿದ ಕ್ರೀಕನ್ನು ತೋಡಿಸಿದ್ದು 1960ರ ಆಸುಪಾಸಿನಲ್ಲಿ. ತೈಲ ಸಿಕ್ಕಿದ್ದು 1966ರಲ್ಲಿ. ಈ ಎರಡು ಇಸವಿಗಳ ಹಿಂದುಮುಂದನ್ನು ಗಮನಿಸಿದರೆ ದುಬೈ ಅರ್ಥವಾಗುತ್ತದೆ. ಬಂದರು ಮೊದಲು, ತೈಲ ಆಮೇಲೆ. ಅಲ್ಲಿಯವರೆಗೂ ಅಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ. ಭಾರತದಲ್ಲಿ ಚಿನ್ನದ ಮೇಲೆ ನಿರ್ಬಂಧವಿದ್ದ ಕಾಲದಲ್ಲಿ ಕ್ರೀಕಿನ ದಂಡೆಯ ದೇರಾದಲ್ಲಿ ಕಾನೂನುಬದ್ಧವಾಗಿ ಕೊಂಡ ಬಿಸ್ಕತ್ತುಗಳು ದೋಣಿ ಹತ್ತಿ ನಮ್ಮ ಪಡುಗಡಲಿನ ದಂಡೆಗೆ ಕದ್ದು ಬರುತ್ತಿದ್ದವು. ಇಂಥ ಊರಿಗೆ ಹೋಗಿ ಒಂಟೆ ಹತ್ತಿ ಬರುವುದೆಂದರೆ ಮಲ್ಪೆ ನೋಡಲು ಹೋದವರು ಗುಡ್ಡದ ಮೇಲೆ ಕೂತು ಗೇರುಹಣ್ಣು ತಿಂದು ಬಂದಂತೆ.

ನ್ಯಾಯವಾಗಿ ಹೇಳುವುದಾದರೆ ಸಫಾರಿಯಿಂದ ಮಕ್ಕಳಿಗೆ ಖುಷಿಯಾಗುತ್ತದೆ. ಮರಳುಗಾಡನ್ನೇ ನೋಡುವ ಹಟವಿದ್ದರೆ 2003ರಲ್ಲಿ ಸ್ಥಾಪಿಸಿದ ದುಬೈ ಮರುಭೂಮಿ ಸಂರಕ್ಷಿತ ಪ್ರದೇಶವಿದೆ, ಅರೇಬಿಯನ್ ಓರಿಕ್ಸ್ ಕಾಣಸಿಗುತ್ತದೆ. ದುಡ್ಡು ಜಾಸ್ತಿ.

ಇಲ್ಲಿ ಇನ್ನೊಂದು ಬಣದ ಜೊತೆ ಜಗಳವಾಡಲೇಬೇಕು. ದುಬೈಗೆ ಆತ್ಮವೇ ಇಲ್ಲ ಎಂದು ಬರೆಯುವವರ ಬಣ. ಇವರ ಗುರು ಅಮೆರಿಕದ ಲೇಖಕ ಮೈಕ್ ಡೇವಿಸ್. 2006ರಲ್ಲಿ ಆತ 'ನ್ಯೂ ಲೆಫ್ಟ್ ರಿವ್ಯೂ'ನಲ್ಲಿ ಬರೆದ ಪ್ರಬಂಧ ಡಿಸ್ನಿಯನ್ನೂ ಹಿಟ್ಲರನ ವಾಸ್ತುಶಿಲ್ಪಿಯನ್ನೂ ಒಂದೇ ಉಸಿರಿನಲ್ಲಿ ಹೇಳಿ ದುಬೈಯನ್ನು ತೀರ್ಮಾನಿಸಿಬಿಟ್ಟಿತು. ಕಾರ್ಮಿಕರ ಬಗ್ಗೆ ಆತ ಹೇಳಿದ್ದು ಅಲ್ಲಗಳೆಯುವಂಥದಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಿಸಿಲಲ್ಲಿ ದುಡಿಸಬಾರದು ಎಂದು ಕಾನೂನು ಮಾಡಬೇಕಾಗಿ ಬಂದ ಊರದು. ಆದರೆ ಡೇವಿಸ್ ಕಣ್ಣೂ ಗೋಪುರ, ಕೃತಕ ದ್ವೀಪಗಳ ಮೇಲೆಯೇ ನೆಟ್ಟಿದೆ. ಏಜೆಂಟರ ಹಾಳೆ ಯಾವುದನ್ನು ನೋಡಿ ಆಹಾ ಎನ್ನುತ್ತದೋ ಅದನ್ನೇ ನೋಡಿ ಆತ ಛೀ ಎನ್ನುತ್ತಾನೆ. ನಮ್ಮಲ್ಲೂ ಏರ್‌ಪೋರ್ಟಿನಿಂದ ಮಾಲ್, ಮಾಲ್‌ನಿಂದ ಏರ್‌ಪೋರ್ಟ್ ಸುತ್ತಿ, ಬಂದು 'ಎಲ್ಲ ಗಾಜು, ಎಲ್ಲ ಕೃತಕ' ಎಂದು ಎರಡು ಪುಟ ಬರೆಯುವುದು ರೂಢಿಯಾಗಿದೆ. ವಾಸ್ತುಶಿಲ್ಪದ ವಿದ್ವಾಂಸ ಯಾಸರ್ ಎಲ್‌ಶೆಷ್ಟಾವಿ 2010ರ ತನ್ನ ಪುಸ್ತಕದಲ್ಲಿ ಥಳುಕಿನ ಹಿಂದಿರುವ ಊರನ್ನು, ವಲಸಿಗರು ಸಂಜೆ ಸೇರುವ ಬಯಲು, ಬೀದಿಗಳನ್ನು ತಾಳ್ಮೆಯಿಂದ ನೋಡಿದ್ದಾನೆ. ಅವನನ್ನು ಓದದೆ ಡೇವಿಸ್‌ನನ್ನು ಉದ್ಧರಿಸುವವರ ಬಗ್ಗೆ ನನಗೆ ಗೌರವ ಕಡಿಮೆ.

ಇವರಿಗಿಂತ ನಯವಾದವರು ಇನ್ನೊಂದು ಗುಂಪು. 'ಹೊಸ ದುಬೈ ಬಿಡಿ, ಹಳೆಯ ದುಬೈಗೆ ಹೋಗಿ, ಅದೇ ಅಸಲಿ' ಎನ್ನುವವರು. ಯಾವುದು ಹಳೆಯದು? ಗಾಳಿ ಹಿಡಿಯುವ ಗೋಪುರಗಳ ಅಲ್ ಫಹೀದಿ ಕೇರಿಯ ಒಂದು ಭಾಗವನ್ನು 1980ರ ದಶಕದಲ್ಲಿ ಕೆಡವಿದ್ದರು; ಉಳಿದದ್ದನ್ನು ರಿಪೇರಿ ಮಾಡಿ ಸುಣ್ಣ ಬಳಿದು ಗ್ಯಾಲರಿ, ಕೆಫೆಗಳಿಗೆ ಕೊಟ್ಟಿದ್ದಾರೆ. ಅದರ ಪಕ್ಕದ ಅಲ್ ಸೀಫ್ ನೋಡಿ. ಹಳೆಯ ಕಾಲದ ಗಾರೆ, ಬೇಕೆಂದೇ ಕೆತ್ತಿ ಉದುರಿಸಿದ ಮೂಲೆಗಳು, ಹೊರಚಾಚಿದ ಮರದ ತೊಲೆಗಳು. ಕಟ್ಟಿದ್ದು 2017ರ ಹೊತ್ತಿಗೆ. ಇಲ್ಲಿ ನಿಂತು ಪಟ ತೆಗೆದು 'ಓಲ್ಡ್ ದುಬೈ' ಎಂದು ಹಾಕುವವರು ಬುರ್ಜ್ ಖಲೀಫಾ ಹತ್ತಿದವರಿಗಿಂತ ಹೆಚ್ಚು ಮೋಸಹೋಗಿದ್ದಾರೆ. ಬುರ್ಜ್ ಖಲೀಫಾ ತನ್ನ ವಯಸ್ಸನ್ನಾದರೂ ಮುಚ್ಚಿಡುವುದಿಲ್ಲ.

ಹಾಗಾದರೆ ನೋಡಬೇಕಾದ್ದು ಯಾವುದು? ಯಾರೂ ಕಾಪಾಡಲು ಹೋಗದೆ ತನ್ನಷ್ಟಕ್ಕೆ ನಡೆಯುತ್ತಿರುವುದು. ಬರ್ ದುಬೈ ದಂಡೆಯಿಂದ ದೇರಾಕ್ಕೆ ಅಬ್ರಾ ದೋಣಿ ಹೋಗುತ್ತದೆ. ಒಂದು ದಿರ್ಹಮ್. ನಡುವಿನ ಹಲಗೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು, ನೀರಿಗೆ ಮುಖ ಮಾಡಿ ಕೂರಬೇಕು. ಎಂಜಿನ್ ಗುಂಡಿಯ ಬಳಿ ನಿಂತ ದೋಣಿಯವನು ದಾರಿಯಲ್ಲೇ ಕೈಚಾಚಿ ನಾಣ್ಯ ತೆಗೆದುಕೊಳ್ಳುತ್ತಾನೆ. ಅಕ್ಕಪಕ್ಕ ಕೂತವರು ಕೆಲಸಕ್ಕೆ ಹೊರಟವರು. ಅವರಿಗೆ ಇದು ಪ್ರವಾಸವಲ್ಲ, ಬಸ್ಸು. ಆಚೆ ದಂಡೆಯ ಧಕ್ಕೆಯಲ್ಲಿ ಮರದ ಮಂಜಿಗಳು. ಫ್ರಿಜ್ಜು, ಟೈರು, ಅಕ್ಕಿ ಮೂಟೆ, ಇರಾನಿಗೋ ಸೊಮಾಲಿಯಾಕ್ಕೋ ಹೋಗುವ ಸಾಮಾನು. ಮಂಗಳೂರಿನ ಹಳೇ ಬಂದರು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದೆಡೆ ಇಳಿಸು, ಇನ್ನೊಂದೆಡೆಗೆ ಏರಿಸು: ಜೆಬೆಲ್ ಅಲಿ ಬಂದರು, ವಿಮಾನ ನಿಲ್ದಾಣ, ದುಬೈ ಮಾಲ್ ಕೂಡ ಇದೇ ಕಸುಬಿನ ದೊಡ್ಡ ರೂಪಗಳು. ಹಾಳೆಯಲ್ಲಿ ಈ ಕ್ರೀಕಿಗೆ ಸಿಕ್ಕಿರುವುದು ಸಿಟಿ ಟೂರಿನ ನಡುವೆ ಅರ್ಧ ಗಂಟೆ. ಅಗೆದು ಮಾಡಿದ ಮರೀನಾ ಕಾಲುವೆಯಲ್ಲಿ ಬಲ್ಬು ಸುತ್ತಿದ ದೋಣಿಯ ಊಟಕ್ಕೆ ಮಾತ್ರ ಒಂದಿಡೀ ಸಂಜೆ.

ಭಟ್ಕಳ, ಉಡುಪಿ, ಮಂಗಳೂರು ಕಡೆಯವರಿಗೆ ಈ ಹಾಳೆಯ ಹಂಗು ಅಷ್ಟಿಲ್ಲ. ಕರಾಮದಲ್ಲೋ ದೇರಾದಲ್ಲೋ ಅಣ್ಣನೋ ಭಾವನೋ ಇರುತ್ತಾರೆ, ನೋಲ್ ಕಾರ್ಡ್ ಕೈಗಿಟ್ಟು ಮೆಟ್ರೊ ಹತ್ತಿಸುತ್ತಾರೆ, ಮೀನಾ ಬಜಾರ್ ಸುತ್ತಿಸುತ್ತಾರೆ. ಅವರೂ ಸೆಕೆಗೆ ಹೆದರಿ ಮೂರನೆಯ ದಿನಕ್ಕೆ ಮಾಲ್‌ಗೇ ಕರೆದೊಯ್ಯುತ್ತಾರೆ ಎನ್ನುವುದು ಬೇರೆ ಮಾತು.

ಹಾಳೆಯನ್ನು ತಿದ್ದುವುದು ಕಷ್ಟವಲ್ಲ. ನವೆಂಬರಿನಿಂದ ಮಾರ್ಚ್ ಒಳಗೆ ಹೋಗಬೇಕು. ಮೊದಲ ಬೆಳಗ್ಗೆಯೇ ಕ್ರೀಕ್. ಹಸಿರು ಗೆರೆಯ ಮೆಟ್ರೊದಲ್ಲಿ ಅಲ್ ರಾಸ್‌ಗೆ ಇಳಿದರೆ ಮಸಾಲೆ ಪೇಟೆ, ಚಿನ್ನದ ಪೇಟೆ ಎರಡೂ ನಡೆಯುವ ದೂರ. ಶಿಂದಘಾ ಮ್ಯೂಸಿಯಮ್ಮಿಗೆ ಎರಡು ಗಂಟೆ ಕೊಡಿ. ಬುರ್ಜ್ ಖಲೀಫಾವನ್ನು ಕೆಳಗಿನಿಂದ ನೋಡಿ. ನೂರಮೂವತ್ತು ಕಿಲೋಮೀಟರ್ ಆಚೆಯ ಅಬುಧಾಬಿ ಬೇರೆಯೇ ರಾಜಧಾನಿ, ಬೇರೆಯೇ ಕತೆ. ಅಲ್ಲಿನ ದೊಡ್ಡ ಮಸೀದಿಯ ಮುಂದೆ ಪಟ ತೆಗೆಸಿಕೊಳ್ಳಲು ಒಂದು ದಿನವನ್ನು ಬಸ್ಸಿನಲ್ಲಿ ಕಳೆಯಬೇಕಿಲ್ಲ. ಏಜೆಂಟರನ್ನು ಕೇಳಿದರೆ ಪ್ಯಾಕೇಜ್ ಒಡೆಯಲು ಬರುವುದಿಲ್ಲ ಎನ್ನುತ್ತಾರೆ. ವೀಸಾ, ಟಿಕೆಟ್, ಹೋಟೆಲ್ ಇಷ್ಟನ್ನೇ ಅವರಿಂದ ಮಾಡಿಸಿಕೊಂಡರೆ ಒಡೆಯಲು ಏನೂ ಇರುವುದಿಲ್ಲ.