ಮೆದುಮಣ್ಣಿಗೆ ಕೋನ್ ಪರೀಕ್ಷೆ: ಅಳತೆ ಯಂತ್ರದ್ದು, ಹೊಣೆ ನಮ್ಮದು

ಕೆಸರಿನಂಥ ಜೇಡಿಮಣ್ಣಿನ ಮೇಲೆ ರಸ್ತೆಯ ಏರಿ ಹಾಕುವವರಿಗೆ ಎರಡು ಉತ್ತರ ಬೇಕು. ಎಷ್ಟು ಎತ್ತರಕ್ಕೆ ಹಾಕಿದರೆ ನೆಲ ಜಾರುತ್ತದೆ? ಹಾಕಿದ ಮೇಲೆ ಎಷ್ಟು ವರ್ಷ ಇಳಿಯುತ್ತಾ ಹೋಗುತ್ತದೆ? ನಮ್ಮಲ್ಲಿ 'ಸಾಯಿಲ್ ಟೆಸ್ಟ್' ಎಂದರೆ ಇಂದಿಗೂ ಹೆಚ್ಚಾಗಿ ಎಸ್‌ಪಿಟಿ: 63.5 ಕಿಲೋ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ, 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುವುದು. ಮರಳಿಗೆ ಅದು ಸರಿ. ತೀರ ಮೆತ್ತನೆಯ ಜೇಡಿಯಲ್ಲಿ ರಾಡು, ಸುತ್ತಿಗೆಗಳ ಭಾರಕ್ಕೇ ಸಾಧನ ಕೆಳಗೆ ಹೋಗಿಬಿಡುತ್ತದೆ. ವರದಿಯಲ್ಲಿ ಪೆಟ್ಟಿನ ಎಣಿಕೆ, ಅಂದರೆ 'ಎನ್ ವ್ಯಾಲ್ಯೂ', ಸೊನ್ನೆ ಅಥವಾ ಒಂದು ಎಂದು ಬರುತ್ತದೆ. 8 ಕಿಲೋಪ್ಯಾಸ್ಕಲ್ ಬಲದ ಮಣ್ಣಿಗೂ 20 ಕಿಲೋಪ್ಯಾಸ್ಕಲ್ ಬಲದ ಮಣ್ಣಿಗೂ ಅಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಏರಿ ನಿಲ್ಲುವುದೋ ಜಾರುವುದೋ ಎಂಬುದು ತೀರ್ಮಾನವಾಗುವುದು ಆ ವ್ಯತ್ಯಾಸದಲ್ಲೇ.

ಈ ಕೊರತೆಯನ್ನು ತುಂಬುವುದು ಕೋನ್ ಪೆನಟ್ರೇಷನ್ ಟೆಸ್ಟ್, ಅಂದರೆ ಸಿಪಿಟಿ. ಇದು ಹುಟ್ಟಿದ್ದು ಮೆದುಮಣ್ಣಿನ ನಾಡಾದ ನೆದರ್‌ಲ್ಯಾಂಡ್ಸ್‌ನಲ್ಲಿ. 1932ರಲ್ಲಿ ಪೀಟರ್ ಬಾರೆಂಟ್ಸೆನ್ ಎಂಬ ಎಂಜಿನಿಯರ್ ಗ್ಯಾಸ್ ಪೈಪಿನೊಳಗೆ ಉಕ್ಕಿನ ಸರಳು ತೂರಿಸಿ, ತುದಿಗೆ ಕೋನ್ ಕೂರಿಸಿ, ಕೈಯಿಂದಲೇ ನೆಲಕ್ಕೆ ಒತ್ತಿಸಿದರು. ತುದಿಯ 60 ಡಿಗ್ರಿ ಕೋನ, ಬುಡದ 10 ಚದರ ಸೆಂ.ಮೀ. ಅಳತೆ ಇಂದಿಗೂ ಹಾಗೆಯೇ ಉಳಿದಿವೆ. 1953ರಲ್ಲಿ ಬೇಗೆಮಾನ್ ಎಂಬ ಇನ್ನೊಬ್ಬ ಎಂಜಿನಿಯರ್ ಪಕ್ಕದ ಘರ್ಷಣೆಯನ್ನು ಅಳೆಯುವ ತೋಳನ್ನು ಸೇರಿಸಿದರು. ಮುಂದೆ ಎಲೆಕ್ಟ್ರಿಕ್ ಕೋನ್ ಬಂತು. ಆಮೇಲೆ ಮಣ್ಣಿನ ರಂಧ್ರಗಳ ನೀರಿನ ಒತ್ತಡವನ್ನೂ ಅಳೆಯುವ ಪೀಜೋಕೋನ್ ಬಂತು. ಮೆದುಮಣ್ಣಿನ ಮಟ್ಟಿಗೆ ಈ ಕೊನೆಯದೇ ನಿಜವಾದ ಮುನ್ನಡೆ.

ಯಾಕೆಂದು ಒಂದು ಗ್ರಾಫಿನಲ್ಲೇ ನೋಡಬಹುದು. ಕೋನ್ ಸೆಕೆಂಡಿಗೆ 2 ಸೆಂ.ಮೀ. ವೇಗದಲ್ಲಿ ಇಳಿಯುತ್ತಾ ಒಂದೆರಡು ಸೆಂ.ಮೀ.ಗೊಂದು ರೀಡಿಂಗ್ ಕೊಡುತ್ತದೆ. ಜೇಡಿಯಲ್ಲಿ ನೀರಿಗೆ ಹೊರಹೋಗಲು ದಾರಿಯಿಲ್ಲ, ಹಾಗಾಗಿ ಒತ್ತಡದ ಗೆರೆ ಆಳದೊಂದಿಗೆ ಏರುತ್ತಲೇ ಇರುತ್ತದೆ. ನಡುವೆ ಒಂದು ಕಡೆ ಗೆರೆ ಥಟ್ಟನೆ ಕುಸಿದು, ತುದಿಯ ಪ್ರತಿರೋಧ ಹೆಚ್ಚಿದರೆ ಅಲ್ಲೊಂದು ತೆಳು ಮರಳಿನ ಪದರವಿದೆ ಎಂದರ್ಥ. ಒಂದೂವರೆ ಮೀಟರಿಗೊಮ್ಮೆ ನಡೆಯುವ ಎಸ್‌ಪಿಟಿಗೆ ಅದು ಸಿಗುವುದೇ ಅಪರೂಪ. ಅಂಥ ಪದರ ಜೇಡಿಯ ನಟ್ಟನಡುವೆ ಇದ್ದು, ಸೈಟಿನುದ್ದಕ್ಕೂ ಹರಡಿದ್ದರೆ ನೀರು ಬಸಿಯುವ ದೂರ ಅರ್ಧವಾಗುತ್ತದೆ, ಕಾಲ ಕಾಲುಭಾಗಕ್ಕೆ ಇಳಿಯುತ್ತದೆ. ಎಂಟು ವರ್ಷ ಎಂದುಕೊಂಡಿದ್ದ ಕುಗ್ಗುವಿಕೆ ಎರಡು ವರ್ಷದಲ್ಲಿ ಮುಗಿಯಬಹುದು. ಕೋನನ್ನು ಬೇಕಾದ ಆಳದಲ್ಲಿ ನಿಲ್ಲಿಸಿ, ಒತ್ತಡ ಇಳಿಯಲು ಹಿಡಿಯುವ ಸಮಯ ನೋಡಿದರೆ ಆ ಮಣ್ಣಿನಲ್ಲಿ ನೀರು ಬಸಿಯುವ ವೇಗದ ಅಂದಾಜೂ ಸಿಗುತ್ತದೆ. ಪದರ ನಿಜಕ್ಕೂ ಹರಡಿದೆಯೇ ಎಂಬುದನ್ನು ಮಾತ್ರ ಒಂದೇ ಕಡೆ ಒತ್ತಿ ಹೇಳಲಾಗದು. ಹಲವು ಕಡೆ ಒತ್ತಲೇಬೇಕು.

ಇಷ್ಟು ಮೆಚ್ಚಿದ ಮೇಲೆ ಆಕ್ಷೇಪಕ್ಕೆ ಬರುತ್ತೇನೆ. ಕೋನ್ ಅಳೆಯುವುದು ಪ್ರತಿರೋಧವನ್ನು. ಮಣ್ಣಿನ ಬಲವನ್ನು ಅದರಿಂದ ಲೆಕ್ಕ ಹಾಕಿ ತೆಗೆಯಬೇಕು. ತಿದ್ದಿದ ತುದಿ ಪ್ರತಿರೋಧದಿಂದ ಮೇಲಿನ ಮಣ್ಣಿನ ಭಾರವನ್ನು ಕಳೆದು, ಕೋನ್ ಗುಣಾಂಕದಿಂದ ಭಾಗಿಸುತ್ತಾರೆ. ಈ ಗುಣಾಂಕ ಸಾಮಾನ್ಯವಾಗಿ 10ರಿಂದ 18ರವರೆಗೆ ಇರುತ್ತದೆ. ರೂಢಿಯಲ್ಲಿ 14 ಹಿಡಿಯುತ್ತಾರೆ. 8 ಮೀಟರ್ ಆಳದಲ್ಲಿ ಪ್ರತಿರೋಧ 330 ಕಿಲೋಪ್ಯಾಸ್ಕಲ್, ಭಾರ 120 ಎಂದಿಟ್ಟುಕೊಳ್ಳಿ. ಉಳಿಯುವುದು 210. 14ರಿಂದ ಭಾಗಿಸಿದರೆ ಬಲ 15. 10ರಿಂದ ಭಾಗಿಸಿದರೆ 21. 18ರಿಂದ ಭಾಗಿಸಿದರೆ 12ಕ್ಕೂ ಕಡಿಮೆ. ಇಡೀ ಪದರಕ್ಕೆ ಅದೇ ಬಲವೆಂದು ಸರಳ ಲೆಕ್ಕ ಹಾಕಿದರೆ, ಏರಿ ಕುಸಿಯುವ ಎತ್ತರ ಒಂದು ಗುಣಾಂಕಕ್ಕೆ ಸುಮಾರು 5.7 ಮೀಟರ್, ಇನ್ನೊಂದಕ್ಕೆ 3.2 ಮೀಟರ್. ರೀಡಿಂಗ್ ಒಂದೇ!

ರೀಡಿಂಗೇ ತಪ್ಪುವ ದಾರಿಗಳೂ ಇವೆ. ಕೋನಿನ ಹಿಂಬದಿಯ ಸಂದಿನಲ್ಲಿ ನೀರು ಒತ್ತುವುದರಿಂದ ಪ್ರತಿರೋಧ ಕಡಿಮೆ ತೋರುತ್ತದೆ. ಮೇಲಿನ ಉದಾಹರಣೆಯಲ್ಲಿ ಆ ತಿದ್ದುಪಡಿ 40 ಕಿಲೋಪ್ಯಾಸ್ಕಲ್ ಇದ್ದು, ಅದನ್ನು ಬಿಟ್ಟರೆ 14ರ ಗುಣಾಂಕದಲ್ಲೂ ಬಲ 15ರಿಂದ 12ಕ್ಕೆ ಇಳಿಯುತ್ತದೆ. ಇನ್ನು, 50 ಮೆಗಾಪ್ಯಾಸ್ಕಲ್ ಸಾಮರ್ಥ್ಯದ ಕೋನಿನಲ್ಲಿ ಸೊನ್ನೆಯ ರೀಡಿಂಗ್ ಸಾವಿರಕ್ಕೊಂದರಷ್ಟು ಸರಿದರೂ ಅದು 50 ಕಿಲೋಪ್ಯಾಸ್ಕಲ್. ಗಟ್ಟಿ ಮರಳಿನಲ್ಲಿ ಇದು ಲೆಕ್ಕಕ್ಕೇ ಬಾರದು. ನಮ್ಮ 210ರಲ್ಲಿ ಹೆಚ್ಚುಕಡಿಮೆ ಕಾಲುಭಾಗ. ಒತ್ತುವ ಮೊದಲು ಮತ್ತು ಮೇಲೆತ್ತಿದ ಮೇಲೆ ಸೊನ್ನೆ ಎಷ್ಟಿತ್ತು ಎಂಬುದನ್ನು ಕೊಡದ ಸಿಪಿಟಿ ವರದಿಯನ್ನು ಮೆದುಮಣ್ಣಿನ ವಿನ್ಯಾಸಕ್ಕೆ ಒಪ್ಪಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಟ್ಟು ಎಷ್ಟು ಇಳಿಯುತ್ತದೆ ಎಂಬ ಪ್ರಶ್ನೆಗೂ ಕೋನ್ ಕೊಡುವುದು ಒರಟು ಉತ್ತರ. ಅದು ಮಣ್ಣನ್ನು ಸೀಳಿಕೊಂಡು ಹೋಗುತ್ತದೆ. ಏರಿಯಾದರೋ ವರ್ಷಗಟ್ಟಲೆ ನಿಧಾನವಾಗಿ ಅದುಮುತ್ತದೆ. ಕೊಳೆತ ಸಸ್ಯಾಂಶ ತುಂಬಿದ ಪೀಟ್ ಮಣ್ಣು, ನೀರು ಬಸಿದ ಮೇಲೂ ಕುಗ್ಗುತ್ತಲೇ ಇರುವ ಜೇಡಿ, ಇವುಗಳ ಗುಣ ತಿಳಿಯಲು ಕದಡದ ಮಾದರಿ ತೆಗೆದು ಪ್ರಯೋಗಾಲಯದಲ್ಲಿ ಅದುಮಿಯೇ ನೋಡಬೇಕು. ಕೋನ್ ಮಾದರಿಯನ್ನು ಮೇಲೆ ತರುವುದಿಲ್ಲ.

ಹಾಗಾದರೆ ಸಿಪಿಟಿ ಬೇಡವೇ? ಖಂಡಿತ ಬೇಕು, ಮತ್ತು ಮೊದಲು ಬೇಕು. ಮೊದಲು ಕೋನ್ ಒತ್ತಿ ಪದರಗಳ ನಕ್ಷೆ ಮಾಡಿ. ಆ ನಕ್ಷೆ ನೋಡಿ, ಎಲ್ಲಿ ಬೋರ್ ಹಾಕಬೇಕು, ಎಲ್ಲಿ ಮಾದರಿ ತೆಗೆಯಬೇಕು ಎಂದು ಗುರುತಿಸಿ. ನೆಲದೊಳಗೆ ಅಲಗುಗಳನ್ನು ತಿರುಗಿಸಿ ಮಣ್ಣಿನ ಬಲ ಅಳೆಯುವ ವೇನ್ ಪರೀಕ್ಷೆಯನ್ನು ಅದೇ ಸೈಟಿನಲ್ಲಿ ಮಾಡಿ, ಅದರ ಜೊತೆ ತಾಳೆ ನೋಡಿ ಗುಣಾಂಕ ಗೊತ್ತುಮಾಡಿ. ಬೋರ್ ಎಲ್ಲ ಮುಗಿದ ಮೇಲೆ ಟೆಂಡರಿನಲ್ಲಿದೆ ಎಂಬ ಕಾರಣಕ್ಕೆ ನಾಲ್ಕು ಕಡೆ ಒತ್ತಿ ವರದಿಗೆ ಲಗತ್ತಿಸಿದರೆ ಈ ಪರೀಕ್ಷೆಯ ಅರ್ಧ ಪ್ರಯೋಜನ ಅಲ್ಲೇ ಹೋಗುತ್ತದೆ. ಭಾರತೀಯ ಮಾನಕ ಐಎಸ್ 4968ರ ಮೂರನೆಯ ಭಾಗ ದಶಕಗಳಿಂದಲೂ ಈ ಪರೀಕ್ಷೆಗೆ ಜಾಗ ಕೊಟ್ಟಿದೆ. ನೇತ್ರಾವತಿ, ಗುರುಪುರ ನದಿಗಳ ಅಳಿವೆಯಂಥ ಕೆಸರು ನೆಲದಲ್ಲಿ ಸೇತುವೆಯ ಏರಿ ಹಾಕುವವರು ಕೇಳಬೇಕಾದದ್ದು ಪೀಜೋಕೋನ್, ವೇನ್, ಒಳ್ಳೆಯ ಮಾದರಿ ಮೂರನ್ನೂ. ಮೂರಕ್ಕೂ ಆಗುವ ಖರ್ಚು ಜಾರಿದ ಏರಿಯನ್ನು ಮತ್ತೆ ಕಟ್ಟುವ ಖರ್ಚಿನ ಮುಂದೆ ಸಣ್ಣದು.