ಗಿಟ್ ಭಂಡಾರದ ಪಾಠಪರಿಷ್ಕರಣ

2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಅವರು ರಚಿಸಿದ ಗಿಟ್ ತಂತ್ರಾಂಶವು ಬರಹವೊಂದರ ಪಾಠಪರಂಪರೆಯನ್ನು ಹಂತಹಂತವಾಗಿ ಕಾಪಿಡುತ್ತದೆ. ಈ ಭಂಡಾರವು ಕೆಟ್ಟಾಗ ‘ಗಿಟ್ ಎಫ್‌ಎಸ್‌ಸಿಕೆ’ ಎಂಬ ಆಜ್ಞೆಯೇ ಅದನ್ನು ಸರಿಪಡಿಸುವುದೆಂದು ಭಾವಿಸುವುದು ಸಾಧುವಲ್ಲವೆಂದು ನಮ್ಮ ಅಭಿಪ್ರಾಯ. ಇಲ್ಲಿ ಪ್ರತಿಯೊಂದು ಘಟಕದ ಹೆಸರೂ ಅದರ ಒಳಹುರುಳಿನಿಂದಲೇ ಗಣಿಸಿದ್ದು. ಎರಡೂ ತಾಳೆಯಾಗದಿದ್ದರೆ ಆಜ್ಞೆಯು ದೋಷವನ್ನು ತೋರಿಸುತ್ತದೆಯೇ ಹೊರತು ಕಳೆದುದನ್ನು ತುಂಬಿಕೊಡುವುದಿಲ್ಲ. ತಾಳೆಗರಿಯ ತ್ರುಟಿತ ಪಾಠವನ್ನು ಸಂಪಾದಕನು ಊಹಿಸಿ ತಿದ್ದಬಹುದು. ಇಲ್ಲಾದರೋ ಒಂದಕ್ಷರ ಬದಲಾದರೂ ಹೆಸರು ಹೊಂದದು. ಆದುದರಿಂದ ಪ್ರತ್ಯಂತರವೇ ಆಧಾರ: ಕೆಟ್ಟ ಘಟಕವನ್ನು ಬದಿಗಿಟ್ಟು, ಬೇರೊಂದು ಗಣಕದಲ್ಲಿರುವ ಪ್ರತಿಯಿಂದ ಅದನ್ನು ತಂದು, ಮತ್ತೆ ಪರೀಕ್ಷಿಸಬೇಕು. ಆಳಂದ ತಾಲ್ಲೂಕಿನ ಸರಸಂಬಾದಂಥ ಊರುಗಳಲ್ಲಿ ಹಂತಿಪದಗಳನ್ನು ಸಂಗ್ರಹಿಸುವವನು ಭಂಡಾರವನ್ನು ಒಂದೇ ಗಣಕದಲ್ಲಿಟ್ಟರೆ, ಈ ಆಜ್ಞೆಯು ನಷ್ಟದ ಪಟ್ಟಿಯನ್ನಷ್ಟೇ ಕೊಟ್ಟೀತು. ಎರಡನೆಯ ಪ್ರತಿಯನ್ನು ಮೊದಲೇ ಮಾಡಿಡುವುದು ಸಂಶೋಧಕನ ಕರ್ತವ್ಯವೆಂದು ನಾವು ತಿಳಿಯುತ್ತೇವೆ.