ಪಾಠದ ಮೀನು, ಕೆರೆಯ ಮೀನು

ಪ್ರೌಢಶಾಲೆಯ ಭೌತವಿಜ್ಞಾನದಲ್ಲಿ ಮೀನು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಒಂದೇ ಕಡೆ, ನೀರಿನ ಅಸಂಗತ ವ್ಯಾಕೋಚನದ ಪಾಠದಲ್ಲಿ. ಹೋಪನ ಉಪಕರಣದ ಚಿತ್ರ, ಅದರ ಜೊತೆಗೆ ಮೇಲ್ಭಾಗ ಹೆಪ್ಪುಗಟ್ಟಿದ ಒಂದು ಸರೋವರ, ತಳದ 4 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ನೆಮ್ಮದಿಯಾಗಿ ಈಜುತ್ತಿರುವ ಮೀನುಗಳು. ಈ ಪಾಠವನ್ನು ನಾನೂ ವರ್ಷಗಟ್ಟಲೆ ಹೇಳಿದ್ದೇನೆ. ಶಿಕ್ಷಕರ ತರಬೇತಿ ಶಿಬಿರವೊಂದರಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಕಡೆಯ ಮೇಷ್ಟರೊಬ್ಬರು ಎದ್ದು ನಿಂತು, "ಸಾರ್, ನಮ್ಮ ಕೆರೆ ಯಾವತ್ತೂ ಹೆಪ್ಪುಗಟ್ಟಲ್ಲ. ನಮ್ಮ ಮೀನು ಸಾಯೋದು ಬೇಸಿಗೇಲಿ. ಅದಕ್ಕೆ ಪಾಠದಲ್ಲಿ ಏನಿದೆ?" ಎಂದು ಕೇಳಿದರು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ ಎಂದು ಥಟ್ಟನೆ ಉತ್ತರ ಕೊಟ್ಟೆ. ಉತ್ತರ ತಪ್ಪಲ್ಲ. ಆದರೆ ಅದು ಮೀನಿನ ಸಾವನ್ನು ವಿವರಿಸುವುದಿಲ್ಲ ಎಂಬುದು ಮನೆಗೆ ಬಂದು ಲೆಕ್ಕ ಹಾಕಿದಾಗ ಹೊಳೆಯಿತು.

ಲೆಕ್ಕ ಹೀಗಿದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಒಂದು ಲೀಟರ್ ನೀರು ಗಾಳಿಯಿಂದ ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಸುಮಾರು 7.6. ಕೋಲಾರ ಜಿಲ್ಲೆ ಸುಮಾರು 800 ಮೀಟರ್ ಎತ್ತರದಲ್ಲಿದ್ದು ವಾಯುಭಾರ ಕಡಿಮೆಯಾದ್ದರಿಂದ ಇಲ್ಲಿ 7ಕ್ಕೆ ತುಸು ಕಡಿಮೆ ಎನ್ನೋಣ. ನಮ್ಮ ಕೆರೆಗಳಿಗೆ ಬಿಡುವ ಕಾಟ್ಲ, ರೋಹು, ಮೃಗಾಲ್‌ಗಳಿಗೆ 5 ಮಿಲಿಗ್ರಾಂ ಇದ್ದರೆ ಧಾರಾಳ. 35 ಡಿಗ್ರಿಯ ನೀರನ್ನೂ ಅವು ಸಹಿಸಬಲ್ಲವು. ಅಂದಮೇಲೆ ಬರೀ ಬಿಸಿಗೆ ಅವು ಸಾಯಬೇಕಾಗಿಲ್ಲ. ಆಮ್ಲಜನಕವನ್ನು ಯಾರೋ ಖರ್ಚು ಮಾಡುತ್ತಿರಬೇಕು, ಮತ್ತು ಖರ್ಚಾದದ್ದು ಮರಳಿ ಬರದಂತೆ ಏನೋ ತಡೆಯುತ್ತಿರಬೇಕು. ಎರಡನೆಯದು ಶುದ್ಧ ಭೌತವಿಜ್ಞಾನದ ವಿಷಯ. ನಮ್ಮ ಪಾಠ ಕೈಬಿಟ್ಟಿರುವುದು ಅದನ್ನೇ.

ಪಾಠದಲ್ಲಿರುವ ಸಾಂದ್ರತೆಯ ವಕ್ರರೇಖೆಯನ್ನೇ ತೆಗೆದುಕೊಳ್ಳಿ. ಹೆಚ್ಚಿನ ಪುಸ್ತಕಗಳಲ್ಲಿ ಅದು 0ಯಿಂದ 10 ಡಿಗ್ರಿಯವರೆಗೆ ಮಾತ್ರ ಇರುತ್ತದೆ. 4ರಿಂದ 0 ಡಿಗ್ರಿಗೆ ಇಳಿದಾಗ ನೀರಿನ ಸಾಂದ್ರತೆ ಘನಮೀಟರಿಗೆ ಸುಮಾರು 0.13 ಕಿಲೋಗ್ರಾಂನಷ್ಟು ಕಡಿಮೆಯಾಗುತ್ತದೆ. ಅಷ್ಟು ಸಣ್ಣ ವ್ಯತ್ಯಾಸದ ಮೇಲೆ ಹಿಮದಡಿಯ ಮೀನಿನ ಇಡೀ ಕಥೆ ನಿಂತಿದೆ. ಈಗ ರೇಖೆಯನ್ನು ಬಲಕ್ಕೆ ಎಳೆಯಿರಿ. 30ರಿಂದ 31 ಡಿಗ್ರಿಗೆ, ಒಂದೇ ಡಿಗ್ರಿ ಏರಿದರೆ, ಸಾಂದ್ರತೆ ಸುಮಾರು 0.3 ಕಿಲೋಗ್ರಾಂ ಇಳಿಯುತ್ತದೆ! ಅಲ್ಲಿ ನಾಲ್ಕು ಡಿಗ್ರಿ ಮಾಡುವ ಕೆಲಸದ ಎರಡರಷ್ಟನ್ನು ಇಲ್ಲಿ ಒಂದೇ ಡಿಗ್ರಿ ಮಾಡುತ್ತದೆ. ಪದರಗಳಾಗಿ ನಿಲ್ಲುವ ಗುಣ ನಮ್ಮ ಬೇಸಿಗೆಯ ನೀರಿಗೇ ಹೆಚ್ಚು. ಗಾಳಿಯಿಲ್ಲದ ಏಪ್ರಿಲ್ ಮಧ್ಯಾಹ್ನ ಮೇಲಿನ ಎರಡಡಿ ನೀರು ತಳದ್ದಕ್ಕಿಂತ ಎರಡು ಮೂರು ಡಿಗ್ರಿ ಬಿಸಿಯಾದರೆ ಸಾಕು, ಕೆಳಗಿನ ನೀರಿಗೆ ಮುಚ್ಚಳ ಹಾಕಿದಂತೆ. ಆ ಮುಚ್ಚಳವನ್ನು ದಾಟಿ ಆಮ್ಲಜನಕ ಬರೀ ವಿಸರಣೆಯಿಂದ ಇಳಿಯಬೇಕೆಂದರೆ ಒಂದು ಮೀಟರ್ ಆಳಕ್ಕೆ ಹತ್ತು ವರ್ಷದ ಆಸುಪಾಸು ಹಿಡಿಯುತ್ತದೆ. ನೀರು ಕಲಕದೆ ಬೇರೆ ದಾರಿಯಿಲ್ಲ.

ಖರ್ಚಿನ ಲೆಕ್ಕ ರಾತ್ರಿಯದು. ಹಸಿರುಗಟ್ಟಿದ ಕೆರೆಯಲ್ಲಿ ಶೈವಲಗಳು ಹಗಲೆಲ್ಲ ಆಮ್ಲಜನಕ ಬಿಡುತ್ತವೆ. ಮಧ್ಯಾಹ್ನ ಮೂರಕ್ಕೆ ಅಳೆದರೆ ನೀರು ಅತಿಪರ್ಯಾಪ್ತವಾಗಿಯೇ ಇರಬಹುದು. ಕತ್ತಲಾದ ಮೇಲೆ ಅದೇ ಶೈವಲ, ಕೆಸರಿನ ಬ್ಯಾಕ್ಟೀರಿಯ, ಮೀನು ಎಲ್ಲವೂ ಉಸಿರಾಡುತ್ತವೆ, ಬಿಸಿ ಹೆಚ್ಚಿದಷ್ಟೂ ವೇಗವಾಗಿ. ಬೆಳಗಿನ ಜಾವಕ್ಕೆ ದಾಸ್ತಾನು ತಳ ಮುಟ್ಟಿರುತ್ತದೆ. ಸಾಮಾನ್ಯವಾಗಿ ರಾತ್ರಿ ಮೇಲ್ಪದರ ತಣಿದು ಮುಳುಗಿ ನೀರು ಕಲಸಿಕೊಳ್ಳುತ್ತದೆ, ತಳಕ್ಕೂ ಪಾಲು ಸಿಗುತ್ತದೆ. ಮೋಡ ಕವಿದು ಸೆಕೆ ಹಿಡಿದ ದಿನಗಳು ನಾಲ್ಕಾರು ಬಂದರೆ ಅದೂ ತಪ್ಪುತ್ತದೆ. ಆಮೇಲೆ ಮೊದಲ ಬಿರುಮಳೆ ಬಿದ್ದು ತಣ್ಣನೆಯ ನೀರು ಒಮ್ಮೆಗೇ ಕೆಳಗಿಳಿದಾಗ, ತಳದ ಆಮ್ಲಜನಕರಹಿತ ನೀರು ಹೈಡ್ರೊಜನ್ ಸಲ್ಫೈಡನ್ನು ಹೊತ್ತು ಮೇಲೆ ಬರುತ್ತದೆ. ಬಿಸಿಲಿನಲ್ಲಿ ಬದುಕಿದ್ದ ಮೀನು ಮಳೆ ಬಂದ ಮರುದಿನ ತೇಲುವುದು ಹೀಗೆ. ಅದನ್ನು ಕಂಡವರು ಯಾರೋ ವಿಷ ಹಾಕಿದರೆಂದು ಜಗಳಕ್ಕೆ ನಿಲ್ಲುವುದೂ ಉಂಟು. ಕೊರವ ಮೀನು (ರಾಯಲ್ಪಾಡಿನ ಗಡಿಯಲ್ಲಿ ಕೊರಮೀನು) ಜೀವಂತವಾಗಿದ್ದು ಕಾಟ್ಲಗಳು ಮಾತ್ರ ಸತ್ತಿದ್ದರೆ ಅದೊಂದು ಬಲವಾದ ಸುಳಿವು: ಕೊರವ ನೀರಿನ ಮೇಲೆ ಬಂದು ನೇರವಾಗಿ ಗಾಳಿಯನ್ನೇ ಉಸಿರಾಡುತ್ತದೆ.

ಶೀತದೇಶಗಳ ಸರೋವರಗಳಿಗೆ ಬಿಡುವ ಟ್ರೌಟ್ ಮೀನಿನ ಪಾಡನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 20 ಡಿಗ್ರಿ ದಾಟಿದರೆ ಟ್ರೌಟ್ ಸೊರಗುತ್ತದೆ, 25ರ ಹತ್ತಿರ ಸಾಯುತ್ತದೆ. ಬೇಸಿಗೆಯಲ್ಲಿ ಅದು ಆಳದ ತಂಪಿಗೆ ಇಳಿಯುತ್ತದೆ. ಆದರೆ ತಳದಲ್ಲಿ ಆಮ್ಲಜನಕ ಮುಗಿದಿದ್ದರೆ ಅಲ್ಲೂ ನಿಲ್ಲಲಾರದು. ಮೇಲೆ ಬಿಸಿ, ಕೆಳಗೆ ಉಸಿರುಕಟ್ಟು, ನಡುವಿನ ತೆಳು ಪದರವೊಂದೇ ಆಸರೆ. ಇಲ್ಲವೆ ತಣ್ಣನೆಯ ಬುಗ್ಗೆ, ತೊರೆ ಬಂದು ಸೇರುವ ಮೂಲೆ. ನೀಲಗಿರಿಯಲ್ಲಿ 1863ರಲ್ಲಿ ಫ್ರಾನ್ಸಿಸ್ ಡೇ ಟ್ರೌಟ್ ತರಲು ಯತ್ನಿಸಿ ಸೋತರು, 1907ರಲ್ಲಿ ಎಚ್.ಸಿ. ವಿಲ್ಸನ್ ಅವಲಾಂಚೆಯಲ್ಲಿ ಮರಿಕೇಂದ್ರ ಆರಂಭಿಸಿದ ಮೇಲೆ ಅದು ನೆಲೆ ನಿಂತಿತು. ಅಲ್ಲಿ ಮೀನನ್ನು ಕಾಯುವುದು ಎತ್ತರ. ನಮ್ಮ ಕೆರೆಗಳಿಗೆ ಎತ್ತರವೂ ಇಲ್ಲ, ಆಳವೂ ಇಲ್ಲ. ಹೂಳು ತುಂಬಿದ ಕೆರೆಯ ಮೀನಿಗೆ ಓಡಿಹೋಗಲು ನಡುವಿನ ಪದರವೆಂಬುದೇ ಇಲ್ಲ.

ಹಿಂದೆ ಈ ಪ್ರಶ್ನೆಗೆ ಇಷ್ಟು ತೂಕ ಇರಲಿಲ್ಲ. ಕೋಲಾರದ ಎಷ್ಟೋ ಕೆರೆಗಳು ಬೇಸಿಗೆಗೆ ಮೊದಲೇ ಬತ್ತುತ್ತಿದ್ದವು, ಮೀನನ್ನೂ ಅಷ್ಟರೊಳಗೆ ಹಿಡಿದಾಗುತ್ತಿತ್ತು. 2018ರ ಜೂನ್‌ನಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಬರುತ್ತಿದೆ. ಅಂಥ ಕೆರೆಗಳಲ್ಲಿ ಈಗ ಏಪ್ರಿಲ್-ಮೇ ತಿಂಗಳಲ್ಲೂ ನೀರಿದೆ, ಮೀನಿದೆ. ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರಿನಲ್ಲಿ ಸಾರಜನಕ, ರಂಜಕಗಳು ಸಾಕಷ್ಟು ಉಳಿದಿರುತ್ತವೆ. ಅವು ಶೈವಲಕ್ಕೆ ಗೊಬ್ಬರ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ಮೀನು ಸತ್ತದ್ದು ಕೊಳಚೆ ಸೇರಿದ ನೀರಿನಲ್ಲಿ ಆಮ್ಲಜನಕ ಕುಸಿದು. ಮರಿ ಬಿಟ್ಟು, ಗುತ್ತಿಗೆ ಹಣ ಕಟ್ಟಿ ಕಾದು ಕುಳಿತವನಿಗೆ ಒಂದು ರಾತ್ರಿಯಲ್ಲಿ ವರ್ಷದ ದುಡಿಮೆ ಹೋಗುತ್ತದೆ. ಅವನ ಮಗಳು ಶಾಲೆಯಲ್ಲಿ ಓದುತ್ತಿರುವುದು ಹಿಮದಡಿಯ ಮೀನಿನ ಬಗ್ಗೆ.

ಆ ಪಾಠವನ್ನು ತೆಗೆದುಹಾಕಿ ಎನ್ನುತ್ತಿಲ್ಲ, ಅದು ಸುಂದರವಾದ ಪಾಠ. ವಕ್ರರೇಖೆಯನ್ನು 35 ಡಿಗ್ರಿಯವರೆಗೆ ಮುಂದುವರಿಸಲು ಅರ್ಧ ಪುಟ ಸಾಕು. ಪ್ರಯೋಗಕ್ಕೂ ಹೆಚ್ಚಿನದೇನೂ ಬೇಡ. ಕಲ್ಲು ಕಟ್ಟಿದ ಬಾಟಲಿಯ ಬಿರಡೆಗೆ ಇನ್ನೊಂದು ದಾರ ಕಟ್ಟಿ ತೂಬಿನ ಬಳಿ ಇಳಿಬಿಟ್ಟು, ತಳದಲ್ಲಿ ಬಿರಡೆ ಕಿತ್ತು, ತುಂಬಿದ ನೀರಿನ ತಾಪವನ್ನು ಕೂಡಲೇ ಅಳೆದರಾಯಿತು. ರಸಾಯನವಿಜ್ಞಾನದ ಮೇಷ್ಟರು ಒಪ್ಪಿದರೆ ವಿಂಕ್ಲರ್ ವಿಧಾನದಿಂದ ಆಮ್ಲಜನಕವನ್ನೂ ಅಳೆಯಬಹುದು. ತೊಡಕಿರುವುದು ಸಮಯದ್ದು. ಮಧ್ಯಾಹ್ನ ಒಮ್ಮೆ, ಬೆಳಗಿನ ಜಾವ ಐದೂವರೆಗೆ ಇನ್ನೊಮ್ಮೆ ಅಳೆಯಬೇಕು. ಎರಡನೆಯದು ಯಾವ ಶಾಲೆಯ ವೇಳಾಪಟ್ಟಿಗೂ ಹೊಂದದು. ಏರಿಯ ಪಕ್ಕದ ಮನೆಯ ಹುಡುಗನಿಗೂ ಅವನಪ್ಪನಿಗೂ ಸೇರಿಸಿ ಒಪ್ಪಿಸಬೇಕಾಗುತ್ತದೆ.